ಅಳಿಲಿನ ಬೆನ್ನು, ರಾಮನ ಬೆರಳು

ಕಳೆದ ಸಂಚಿಕೆಯ ಮಕ್ಕಳ ಪುಟದ ಬಗ್ಗೆ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಸೇತುವೆಗೆ ಮರಳು ಹೊತ್ತ ಅಳಿಲನ್ನು ರಾಮ ಸವರಿದ, ಅದಕ್ಕೇ ಅದರ ಬೆನ್ನಿಗೆ ಮೂರು ಗೆರೆ ಎಂದಿದ್ದೀರಿ. ವಾಲ್ಮೀಕಿಯಲ್ಲಿ ಇದು ಎಲ್ಲಿದೆ? ದೆಹಲಿಯ ನೆಂಟರ ಮನೆಯಲ್ಲಿ ಐದು ಗೆರೆಯ ಅಳಿಲನ್ನು ಕಂಡ ನನ್ನ ಮಗ ಈ ಕತೆ ಸುಳ್ಳು ಎನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?’

ಮಾನ್ಯರೇ,

ಮೊದಲು ನಮ್ಮ ತಪ್ಪು. ಕತೆಯ ಮೇಲೆ ‘ವಾಲ್ಮೀಕಿ ರಾಮಾಯಣದಿಂದ’ ಎಂದು ಅಚ್ಚಾಗಿತ್ತು. ವಾಲ್ಮೀಕಿಯಲ್ಲಿ ನಳ ಇದ್ದಾನೆ, ಮರ ಬಂಡೆ ಹೊತ್ತ ಕಪಿಗಳಿವೆ, ಅಳಿಲಿಲ್ಲ. ಕ್ಷಮೆ ಇರಲಿ. ಆದರೆ ಅಳಿಲು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ತಮಿಳಿನ ವೈಷ್ಣವ ಭಕ್ತಕವಿ ತೊಂಡರಡಿಪ್ಪೊಡಿ ಆಳ್ವಾರರು ‘ತಿರುಮಾಲೈ’ ಎಂಬ ಸ್ತುತಿಕಾವ್ಯದಲ್ಲಿ, ನೀರಿನಲ್ಲಿ ಮುಳುಗಿ ಹೊರಳಿ ಕಡಲನ್ನು ತುಂಬಲು ಓಡಿದ ಆ ಕಪಟವಿಲ್ಲದ ಅಳಿಲಿನಂತೆಯೂ ತಾನಿಲ್ಲವಲ್ಲ ಎಂದು ಕೊರಗುತ್ತಾರೆ. ಅಲ್ಲಿ ಗೆರೆಯ ಮಾತಿಲ್ಲ. ಗೆರೆಯನ್ನು ಅಜ್ಜಿಯರು ಸೇರಿಸಿದರು. ಸೇರಿಸಿದ್ದು ಎಷ್ಟು ಚೆನ್ನ! ಕೈಲಾದಷ್ಟು ದುಡಿದವರೆಲ್ಲ ‘ನನ್ನದೂ ಒಂದು ಅಳಿಲು ಸೇವೆ’ ಎನ್ನುವಾಗ ಆ ಬೆನ್ನೇ ಕಣ್ಣ ಮುಂದೆ ಬರುತ್ತದೆ.

ನಿಮ್ಮ ಮಗನ ಕಣ್ಣು ಚುರುಕಾಗಿದೆ. ನಮ್ಮ ಕಡೆಯ ಅಂಗಳದ ಅಳಿಲಿಗೆ ಮೂರು ಗೆರೆ. ಉತ್ತರ ಭಾರತದ ಊರುಗಳಲ್ಲಿ ಓಡಾಡುವುದು ಬೇರೆ ಜಾತಿ, ಅದಕ್ಕೆ ಐದು. ಮಲೆನಾಡಿನ ಕೆಂಜಳಿಲಿಗೆ ಗೆರೆಯೇ ಇಲ್ಲ.

ನಮ್ಮ ಕಚೇರಿಯ ಹಿಂದೆ ಒಂದು ತೆಂಗಿನ ಮರವಿದೆ. ಬೆಕ್ಕು ಬಂದರೆ ಅಳಿಲು ಅದರ ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡು, ಬಾಲ ಕುಣಿಸುತ್ತಾ ಚಿಕ್ ಚಿಕ್ ಎಂದು ಕೂಗುತ್ತದೆ. ಕೂಗು ನಿಂತರೆ ಅಳಿಲೂ ಮಾಯ: ಬೆನ್ನಿನ ನಸುಬಿಳಿ ಗೆರೆ ಯಾವುದು, ತೊಗಟೆಯ ಬಿರುಕು ಯಾವುದು ಎಂದು ತಿಳಿಯುವುದಿಲ್ಲ. ಗೆರೆಗಳಿಂದ ಅದಕ್ಕೆ ಇಂಥದ್ದೊಂದು ಲಾಭವೂ ಇದ್ದೀತು. ಅವು ಮೂಡುವ ಬಗೆಯೂ ಸೊಗಸಾಗಿದೆ. ಆಫ್ರಿಕಾದ ಪಟ್ಟೆ ಇಲಿಯ ಬಗ್ಗೆ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಎಎಲ್‌ಎಕ್ಸ್3 ಎಂಬ ಜೀನ್ ಬೆನ್ನಿನ ಕೆಲವು ಪಟ್ಟಿಗಳಲ್ಲಿ ಬಣ್ಣದ ಕೋಶಗಳು ಬಲಿಯದಂತೆ ತಡೆಯುತ್ತದೆ. ಅಲ್ಲಿ ಕೂದಲು ಬಿಳಿಯಾಗಿ ಬರುತ್ತದೆ. ಅಳಿಲಿನ ಬಂಧುವಾದ ಚಿಪ್‌ಮಂಕ್‌ನಲ್ಲೂ ಇದೇ ಜೀನಿನ ಕೈವಾಡ ಕಂಡಿದೆ.

ರಾಮನ ಕತೆ, ಜೀನಿನ ಕತೆ ಎರಡನ್ನೂ ಮಗನಿಗೆ ಹೇಳಿ. ಒಂದನ್ನು ಹೇಳಿದರೆ ಇನ್ನೊಂದು ಕೆಡುತ್ತದೆ ಎಂದು ನಾನು ನಂಬುವುದಿಲ್ಲ. ರಾಮನ ಬೆರಳಿನ ಕತೆ ಕೇಳಿರದಿದ್ದರೆ ಅವನು ದೆಹಲಿಯಲ್ಲಿ ಅಳಿಲಿನ ಗೆರೆ ಎಣಿಸುತ್ತಿದ್ದನೇ? ಕತೆಯನ್ನು ಪುರಾವೆಯೆಂದು ಹೇಳಿದ್ದು ನಾವು. ಅದು ಕತೆಯ ತಪ್ಪಲ್ಲ.

ಇನ್ನು ಆ ಐದು ಗೆರೆ. ಉತ್ತರದ ಅಳಿಲನ್ನು ರಾಮ ಅಂಗೈ ತುಂಬಾ ಸವರಿದನೇ, ಇಲ್ಲ ಅದು ಇನ್ನೊಮ್ಮೆ ಬೆನ್ನೊಡ್ಡಿತೇ? ನಿಮ್ಮ ಮಗನೇ ಬರೆದು ಕಳಿಸಲಿ. ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಜಾಗ ಕಾದಿರಿಸಿದ್ದೇವೆ. ಈ ಸಲ ಮೇಲೆ ‘ಜನಪದ ಕತೆ’ ಎಂದೂ ಹಾಕುವುದಿಲ್ಲ, ಅವನ ಹೆಸರನ್ನೇ ಹಾಕುತ್ತೇವೆ.

– ಸಂಪಾದಕ