ತೋಟ ಮಾರಿ ಡಾಕ್ಟರಾಗಲೇ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು. ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದೆ. ಈ ವರ್ಷ ನೀಟ್ ಬರೆದೆ, ಸರ್ಕಾರಿ ಸೀಟಿಗೆ ಅಂಕ ಸಾಲಲಿಲ್ಲ. ಎರಡು ವರ್ಷದ ಹಿಂದೆ ಅಜ್ಜಿಯನ್ನು ಮಂಗಳೂರಿಗೆ ಒಯ್ಯುವಾಗ ಹೊನ್ನಾವರ ದಾಟುತ್ತಿದ್ದಂತೆ ಆಂಬುಲೆನ್ಸಿನಲ್ಲೇ ತೀರಿಕೊಂಡರು. ಅಂದಿನಿಂದ ಡಾಕ್ಟರಾಗಬೇಕೆಂಬ ಹಟ. ಎರಡೆಕರೆ ಅಡಿಕೆ ತೋಟದಲ್ಲಿ ಒಂದೆಕರೆ ಮಾರಿ ಖಾಸಗಿ ಕಾಲೇಜಿಗೆ ಸೇರಿಸುತ್ತೇನೆ ಎನ್ನುತ್ತಾರೆ ಅಪ್ಪ. ಅಮ್ಮ ಮಾತೇ ಆಡುತ್ತಿಲ್ಲ. ಒಪ್ಪಲೇ?

ಉತ್ತರ: ಒಪ್ಪಬೇಡ ತಂಗಿ.

ಉತ್ತರ ಕನ್ನಡ ಜಿಲ್ಲೆಗೆ ಡಾಕ್ಟರು ಎಷ್ಟು ಬೇಕೆಂದು ನಿನಗೆ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ಕಾರವಾರದವರು ಗೋವಾಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ ಓಡುತ್ತಾರೆ. ಆದರೆ ತೋಟ ಮಾರಿ ಓದಿದವಳು ಶಿರಸಿಗೆ ಮರಳುವುದು ಕಷ್ಟ. ಕಳೆದದ್ದನ್ನು ಮೊದಲು ದುಡಿಯಬೇಕಲ್ಲ, ಬೆಂಗಳೂರು ಬಿಡುವುದಿಲ್ಲ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಅಜ್ಜಿಗೆ ಅಂದು ಬೇಕಾಗಿದ್ದಂಥ ತಜ್ಞೆಯಾಗಲು ಮತ್ತೆ ಮೂರು ವರ್ಷ. ಅಷ್ಟೂ ಕಾಲ ಉಳಿದ ಒಂದೆಕರೆಯಲ್ಲಿ ಮನೆ ನಡೆಯಬೇಕು. ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಮಯಕ್ಕೆ ಸಿಗದೆ ಒಂದೇ ಒಂದು ಮಳೆಗಾಲ ಕೊಳೆರೋಗ ಬಂದು ಅಡಿಕೆ ಉದುರಿದರೆ ಆ ವರ್ಷದ ಶುಲ್ಕ ಎಲ್ಲಿಂದ? ಅಮ್ಮ ಸುಮ್ಮನಿರುವುದು ಈ ಲೆಕ್ಕ ಹಾಕಿಯೇ ಎಂದು ನನ್ನ ಅನುಮಾನ.

ಇನ್ನೊಂದು ವರ್ಷ ಓದು. ಒಂದೇ ವರ್ಷ. 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು, ಅದನ್ನು ಮೊದಲು ಗಟ್ಟಿ ಮಾಡಿಕೊ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇನ್ನೊಂದು ಮಾತು: ಅರ್ಜಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳಿದ್ದೆಯಾ? ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗೆ ರಾಜ್ಯದ ಕೋಟಾದಲ್ಲಿ ಸೀಟುಗಳಿವೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಕೊನೆಯ ವಾರ ಅದಕ್ಕಾಗಿ ಕಚೇರಿ ಬಾಗಿಲಲ್ಲಿ ನಿಲ್ಲುವವರನ್ನು ನೋಡಿದ್ದೇನೆ. ನೀನು ಈಗಲೇ ಮಾಡಿಸಿಡು. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು 2016ರಿಂದ ನಡೆಯುತ್ತಿದೆ. ಆಯ್ಕೆಪಟ್ಟಿಯಲ್ಲಿ ಅದನ್ನು ಮೇಲೆ ಬರೆ. ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಸೀಟುಗಳನ್ನೂ ಬಿಡಬೇಡ, ಶುಲ್ಕ ಆಡಳಿತ ಮಂಡಳಿ ಸೀಟಿಗಿಂತ ಎಷ್ಟೋ ಕಡಿಮೆ.

ಆಗಲೂ ಸಿಗದಿದ್ದರೆ? ಬಿಎಸ್ಸಿ ನರ್ಸಿಂಗ್ ಇದೆ. ಮೂಗು ಮುರಿಯಬೇಡ. ಆ ದಿನ ಆಂಬುಲೆನ್ಸಿನಲ್ಲಿ ಅಜ್ಜಿಯ ಕೈ ಹಿಡಿದು ಆಮ್ಲಜನಕ ನೋಡುತ್ತಿದ್ದವರು ಯಾರು, ನೆನಪಿದೆಯಾ?

ಅಪ್ಪನಿಗೆ ಇಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಎದುರಿಗೇ ಹೇಳು. ತೋಟ ನೋಡಲು ಯಾರಾದರೂ ಬರುವ ಮೊದಲು.