ವಿಶೇಷಣಗಳನ್ನು ಪೇರಿಸಿದರೂ ವ್ಯಕ್ತಿ ಕಾಣಿಸದಿದ್ದರೆ

ನಮಸ್ಕಾರ. ತಮ್ಮ ಕಥೆಯ ಸಭೆಯ ದೃಶ್ಯವನ್ನು ಇಲ್ಲಿ ಹಾಕಿ, ಇಷ್ಟು ವಿಶೇಷಣಗಳಿದ್ದರೂ ಮೇಲಧಿಕಾರಿಯ ಪಾತ್ರ ಏಕೆ ಕಣ್ಣಿಗೆ ಕಟ್ಟುವುದಿಲ್ಲ ಎಂದು ತಾವು ಕೇಳಿದ್ದೀರಿ. ತಮ್ಮ ವಾಕ್ಯ ಹೀಗಿದೆ: ‘ಅತ್ಯಂತ ಗಂಭೀರ, ಶಿಸ್ತಿನ, ಕಠೋರ ಅಧಿಕಾರಿ ಕೋಪವಾಗಿ ಮಾತನಾಡಿದರು, ಎಲ್ಲರೂ ಭಯವಾಗಿ, ಮೌನವಾಗಿ ಕುಳಿತರು.’

ಮೊದಲು ಸುಲಭದ ತಿದ್ದುಪಡಿಯನ್ನು ಮುಗಿಸೋಣ. ಗುಣವನ್ನು ಹೇಳುವ ಪದಗಳಿಗೆ ‘ಆಗಿ’ ಸಹಜವಾಗಿ ಹೊಂದುತ್ತದೆ: ಗಂಭೀರವಾಗಿ, ಸೌಮ್ಯವಾಗಿ, ಒರಟಾಗಿ. ಮನಸ್ಸಿನ ಭಾವವನ್ನು ಹೆಸರಿಸುವ ನಾಮಪದಗಳು ಕ್ರಿಯೆಯ ರೀತಿಯನ್ನು ಹೇಳುವಾಗ ಸಾಮಾನ್ಯವಾಗಿ ‘ಇಂದ’ ಪ್ರತ್ಯಯವನ್ನು ಬಯಸುತ್ತವೆ: ಕೋಪದಿಂದ, ಸಂಕೋಚದಿಂದ, ಹೆಮ್ಮೆಯಿಂದ. ‘ನನಗೆ ಭಯವಾಗಿ ಎದ್ದು ಬಂದೆ’ ಎಂಬಲ್ಲಿ ‘ಭಯವಾಗಿ’ ಸರಿಯೇ. ಅಲ್ಲಿ ಅದು ರೀತಿಯನ್ನು ಹೇಳುತ್ತಿಲ್ಲ, ಭಯ ಉಂಟಾಯಿತು ಎಂಬ ಸಂಗತಿಯನ್ನು ಹೇಳುತ್ತಿದೆ.

ನಿಜವಾದ ತೊಡಕು ಇರುವುದು ಆ ಮೂರು ವಿಶೇಷಣಗಳಲ್ಲಿ. ಗಂಭೀರ, ಶಿಸ್ತಿನ, ಕಠೋರ ಎಂಬ ಮೂರೂ ತಾವು ಆ ವ್ಯಕ್ತಿಯ ಮೇಲೆ ಕೊಟ್ಟ ತೀರ್ಪುಗಳು. ಆ ತೀರ್ಪಿಗೆ ಕಾರಣವಾದ ನಡವಳಿಕೆ ಓದುಗರಿಗೆ ಸಿಕ್ಕಿಲ್ಲ. ಕನ್ನಡದಲ್ಲಿ ಈ ಕೊರತೆಯನ್ನು ತುಂಬಲು ಕ್ರಿಯಾಪದದ ರೂಪಗಳೇ ಸಾಕು. ‘ಕಡತದಿಂದ ತಲೆಯೆತ್ತದೆ’, ‘ಮರುಮಾತಿಗೆ ಎಡೆಗೊಡದೆ’, ‘ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ’ ಎಂಬ ರೂಪಗಳು ಮುಂದಿನ ಕ್ರಿಯೆ ಹೇಗೆ ನಡೆಯಿತು ಎಂಬುದನ್ನು ತಿಳಿಸುತ್ತ, ಕ್ರಿಯಾವಿಶೇಷಣದ ಕೆಲಸವನ್ನೇ ಮಾಡುತ್ತವೆ. ಇವುಗಳಲ್ಲಿ ಒಂದನ್ನು ಬಳಸಿದರೂ ‘ಕಠೋರ’ವನ್ನು ಧೈರ್ಯದಿಂದ ಕೈಬಿಡಬಹುದು. ‘ಅತ್ಯಂತ’ವನ್ನಂತೂ ಈಗಲೇ ಬಿಡಿ.

ಹಾಗೆಂದು ತೀರ್ಪಿನ ಪದಗಳು ಬೇಡವೇ ಬೇಡ ಎಂದಲ್ಲ. ಅವು ಯಾರ ಬಾಯಿಂದ ಬರುತ್ತಿವೆ ಎಂಬುದು ಸ್ಪಷ್ಟವಿರಬೇಕು. ಒಬ್ಬನೇ ವ್ಯಕ್ತಿ ಸಾಲ ಕೇಳಿ ಬರಿಗೈಯಲ್ಲಿ ಮರಳಿದವನಿಗೆ ಜಿಪುಣ, ಮನೆಯವರಿಗೆ ಕೈಹಿಡಿತದವನು. ಗೆಲ್ಲುವವರೆಗೆ ಹಠಮಾರಿ ಎನಿಸಿಕೊಂಡವನೇ ಗೆದ್ದ ಮೇಲೆ ಛಲಗಾರನಾಗುತ್ತಾನೆ. ‘ದೊಡ್ಡ ಮನುಷ್ಯ’ ಎಂಬುದು ಹೇಳುವವರ ದನಿಗೆ ತಕ್ಕಂತೆ ಗೌರವವೂ ಆಗಬಹುದು, ಚುಚ್ಚುಮಾತೂ ಆಗಬಹುದು. ಇನ್ನು ‘ಪಾಪದವನು’ ಎಂದರೆ ಸಾಧು ಸ್ವಭಾವದವನು, ‘ಪಾಪಿ’ ಎಂದರೆ ಅದಕ್ಕೆ ನೇರ ವಿರುದ್ಧ; ಮೂಲಪದ ಒಂದೇ ಆದರೂ ಇಷ್ಟು ದೂರ ಸರಿದಿರುವುದು ನನಗೆ ಈಗಲೂ ಸೋಜಿಗವೇ.

ತಮ್ಮ ಮುಂದಿನ ಸಾಲಿನಲ್ಲಿ ‘ಅವರು ಮುಂಗೋಪಿ, ಆದರೆ ಒಳ್ಳೆಯವನು’ ಎಂದಿದೆ. ನಾಮಪದಕ್ಕಿಂತ ಮೊದಲು ಬಂದಾಗ ವಿಶೇಷಣ ಬದಲಾಗುವುದಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹಿರಿಯರು. ವಾಕ್ಯದ ಕೊನೆಗೆ ಬಂದಾಗ ಮಾತ್ರ ಅದು ಲಿಂಗವನ್ನೂ ಗೌರವವನ್ನೂ ಹೊತ್ತುಕೊಂಡು ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು ಎಂದಾಗುತ್ತದೆ. ಆದ್ದರಿಂದ ಇಲ್ಲಿ ‘ಒಳ್ಳೆಯವರು’ ಬೇಕು. ನಿರೂಪಕನ ಮನಸ್ಸಿನಲ್ಲಿ ಆ ಅಧಿಕಾರಿಯ ಮೇಲಿನ ಗೌರವ ಕುಸಿಯಿತೆಂದು ತೋರಿಸುವ ಉದ್ದೇಶವಿದ್ದರೆ, ಬಹುವಚನವನ್ನು ಕೈಬಿಡುವ ಕೆಲಸವನ್ನು ಒಂದು ನಿರ್ದಿಷ್ಟ ಘಟನೆಯ ನಂತರ ಮಾಡಿ.

ಸಭೆಯ ವಾತಾವರಣಕ್ಕೆ ಬಂದರೆ, ‘ಮೌನವಾಗಿ’ ಎಂಬುದು ಏನನ್ನೂ ಬಿಟ್ಟುಕೊಡದ ಪದ. ‘ಸುಮ್ಮನೆ ಕುಳಿತರು’ ಎಂದರೆ ಮಾತನಾಡಲಿಲ್ಲ ಎಂದಷ್ಟೇ ಅರ್ಥ; ‘ಸುಮ್ಮನೆ ಬಂದೆ’ ಎಂದಾಗ ಅದೇ ಪದ ‘ಕಾರಣವಿಲ್ಲದೆ’ ಎಂಬ ಅರ್ಥ ಕೊಡುವುದರಿಂದ ಎಚ್ಚರ ಬೇಕು. ಹಿಂದಿನ ಸಾಲಿನಲ್ಲಿ ಕುಳಿತವರ ನಡುವೆ ಗುಸುಗುಸು ನಡೆದಿತ್ತೇ, ಅದು ಥಟ್ಟನೆ ನಿಂತಿತೇ, ಒಬ್ಬರ ಮುಖವನ್ನೊಬ್ಬರು ಕಳ್ಳನೋಟದಿಂದ ನೋಡಿಕೊಂಡರೇ ಎಂಬುದನ್ನು ಯೋಚಿಸಿದರೆ ಭಯದ ಮೌನವೂ ಮುಜುಗರದ ಮೌನವೂ ಬೇರೆ ಬೇರೆಯಾಗುತ್ತವೆ.

ಕೊನೆಯದಾಗಿ ಪದದ ಸ್ಥಾನ. ‘ಬೇಸರದಿಂದ ಅವಳು ಹೇಳಿದ್ದನ್ನು ಅವನು ಕೇಳಿಸಿಕೊಂಡನು’ ಎಂದು ಬರೆದಿದ್ದೀರಿ, ಬೇಸರ ಯಾರದು? ಅವನದಾದರೆ ‘ಅವಳು ಹೇಳಿದ್ದನ್ನು ಅವನು ಬೇಸರದಿಂದ ಕೇಳಿಸಿಕೊಂಡನು’ ಎಂದು, ಆ ಪದವನ್ನು ಅದರ ಕ್ರಿಯಾಪದಕ್ಕೆ ತಾಗಿಸಿ ಇಡಿ. ಮೊದಲ ವಾಕ್ಯವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಅಧಿಕಾರಿ ಕಡತದಿಂದ ತಲೆಯೆತ್ತದೆ ಒಂದೊಂದೇ ಹೆಸರನ್ನು ಓದಿದರು; ಹಿಂದಿನ ಸಾಲಿನ ಗುಸುಗುಸು ಥಟ್ಟನೆ ನಿಂತಿತು.’