ಫೋಲ್ಡರ್‌ನ ಹೆಸರೇ ಪುಟದ ವಿಳಾಸವಾದಾಗ

ಪ್ರಶ್ನೆ: ನಾವು ಬೀದರ್‌ನ ಕೆಲವು ಗೆಳೆಯರು ಸೇರಿ ಜಿಲ್ಲೆಯ ಸ್ಮಾರಕಗಳು ಮತ್ತು ಬಿದ್ರಿ ಕಲೆಯ ಕುರಿತು ಜಾಲತಾಣವೊಂದನ್ನು ನಡೆಸುತ್ತಿದ್ದೇವೆ. ಡೇಟಾಬೇಸಿನ ಗೊಡವೆ ಬೇಡವೆಂದು ಜಾಲತಾಣ ನಡೆಸುವ ಗ್ರಾವ್ ತಂತ್ರಾಂಶವನ್ನು ಆಯ್ದುಕೊಂಡು, ತಾಲ್ಲೂಕಿಗೊಂದು ಫೋಲ್ಡರ್ ಮಾಡಿ ಪುಟಗಳನ್ನು ಇಟ್ಟಿದ್ದೆವು. ಚಿಟಗುಪ್ಪ, ಹುಲಸೂರ, ಕಮಲನಗರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಕೆಲವು ಪುಟಗಳನ್ನು ಹೊಸ ಫೋಲ್ಡರ್‌ಗಳಿಗೆ ಸರಿಸಿದೆವು. ಈಗ ಹಳೆಯ ಲಿಂಕ್‌ಗಳು ತೆರೆಯುತ್ತಿಲ್ಲ. ಚಿತ್ರಗಳೆಲ್ಲ ಒಂದೇ ಫೋಲ್ಡರ್‌ನಲ್ಲಿ ರಾಶಿ ಬಿದ್ದಿದ್ದು, ಯಾವುದು ಯಾವ ಪುಟದ್ದೆಂದು ತಿಳಿಯದಾಗಿದೆ. ಸರಿಯಾಗಿ ಜೋಡಿಸಿಕೊಳ್ಳುವುದು ಹೇಗೆ?

ಉತ್ತರ: ಡೇಟಾಬೇಸ್ ಬಳಸುವ ತಂತ್ರಾಂಶಗಳಲ್ಲಿ ಬರಹ ಎಲ್ಲಿ ಸಂಗ್ರಹವಾಗಿದೆ ಎಂಬುದಕ್ಕೂ ಅದರ ವಿಳಾಸಕ್ಕೂ ನೇರ ಸಂಬಂಧವಿರುವುದಿಲ್ಲ. ಬರಹವನ್ನು ಸಾಮಾನ್ಯ ಕಡತಗಳಲ್ಲೇ ಇಡುವ ಗ್ರಾವ್‌ನಂತಹ ಫ್ಲಾಟ್‌ಫೈಲ್ ವ್ಯವಸ್ಥೆಯಲ್ಲಿ ಹಾಗಲ್ಲ. ‘ಯೂಸರ್’ ಫೋಲ್ಡರ್‌ನೊಳಗಿನ ‘ಪೇಜಸ್’ ಎಂಬಲ್ಲಿ ನೀವು ಯಾವ ಕ್ರಮದಲ್ಲಿ ಫೋಲ್ಡರ್‌ಗಳನ್ನು ಇಟ್ಟಿರುತ್ತೀರೋ ಅದೇ ಕ್ರಮ ಬ್ರೌಸರಿನ ವಿಳಾಸವಾಗಿ ಹೊರಗೆ ಕಾಣುತ್ತದೆ. ಆದ್ದರಿಂದ ಫೋಲ್ಡರ್ ಸರಿಸಿದರೆ ವಿಳಾಸ ಬದಲಾಗುತ್ತದೆ, ಹಳೆಯ ಲಿಂಕ್ ಸಾಯುತ್ತದೆ. ನಿಮ್ಮ ತೊಂದರೆಯ ಮೂಲ ಪುಟಗಳನ್ನು ಸರಿಸಿದ್ದರಲ್ಲಿ ಇಲ್ಲ, ಸರಿಸಲೇಬೇಕಾಗಿ ಬರುವಂತಹ ಆಧಾರದ ಮೇಲೆ ಅವನ್ನು ವಿಂಗಡಿಸಿದ್ದರಲ್ಲಿದೆ. ಆಡಳಿತದ ಗಡಿಗಳೂ ಹೆಸರುಗಳೂ ಬದಲಾಗುತ್ತಲೇ ಇರುತ್ತವೆ. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾದದ್ದು 2014ರಲ್ಲಿ ತಾನೆ? ಜಮೀನು ಕೈ ಬದಲಾದರೂ ಪಹಣಿಯ ಸರ್ವೆ ನಂಬರ್ ಹೇಗೆ ಉಳಿದುಕೊಳ್ಳುತ್ತದೆಯೋ ಹಾಗೆ ಪುಟದ ವಿಳಾಸವೂ ಉಳಿಯಬೇಕು.

ನನ್ನ ಸಲಹೆಯೆಂದರೆ, ಮೇಲಿನ ಹಂತದಲ್ಲಿ ವಿಷಯದ ಬಗೆಯನ್ನು ಮಾತ್ರ ಇಟ್ಟುಕೊಳ್ಳಿ: ಸ್ಮಾರಕಗಳು, ಬಿದ್ರಿ ಕಲೆ, ನಮ್ಮ ಬಗ್ಗೆ. ಅದರ ಕೆಳಗಿನ ಹಂತದಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಫೋಲ್ಡರ್ ಇರಲಿ. ಮೂರನೆಯ ಹಂತಕ್ಕೆ ಇಳಿಯುವ ಮುನ್ನ ಅದು ನಿಜಕ್ಕೂ ಬೇಕೇ ಎಂದು ಯೋಚಿಸಿ. ಗವಾನ್ ಮದರಸಾದ ವಿಳಾಸ ‘ಸ್ಮಾರಕಗಳು’, ಅದರ ಮುಂದೆ ‘ಗವಾನ್ ಮದರಸಾ’ ಎಂದಷ್ಟೇ ಇದ್ದರೆ ಸಾಕು. ಅದು ಯಾವ ತಾಲ್ಲೂಕಿನದು, ಬಹಮನಿಗಳ ಕಾಲದ್ದೋ ಬರೀದ್‌ಶಾಹಿಗಳದ್ದೋ ಎಂಬ ವಿವರಗಳನ್ನು ಫೋಲ್ಡರ್‌ಗೆ ಹೊರಿಸಬೇಡಿ. ಅವೆಲ್ಲ ಪುಟದ ಬರಹವಿರುವ ಮಾರ್ಕ್‌ಡೌನ್ ಕಡತದ ನೆತ್ತಿಯಲ್ಲಿ, ಮೂರು ಅಡ್ಡಗೆರೆಗಳಿರುವ ಎರಡು ಸಾಲುಗಳ ನಡುವೆ ಬರುವ ಫ್ರಂಟ್‌ಮ್ಯಾಟರ್ ಭಾಗದಲ್ಲಿ, ಟ್ಯಾಕ್ಸಾನಮಿ (ವರ್ಗೀಕರಣ) ಎಂಬ ಶೀರ್ಷಿಕೆಯಡಿ ಸೇರಬೇಕು. ‘ತಾಲ್ಲೂಕು’, ‘ಅರಸುಮನೆತನ’ ಎಂಬ ಹೊಸ ವರ್ಗಗಳನ್ನು ‘ಸೈಟ್’ ಹೆಸರಿನ ಯಾಮಲ್ (ಆಯ್ಕೆಗಳನ್ನು ಸಾಲು ಸಾಲಾಗಿ ಬರೆದಿಡುವ ಪಠ್ಯರೂಪ) ಕಡತದಲ್ಲಿ ಮೊದಲು ನಮೂದಿಸಬೇಕು. ಇಲ್ಲದಿದ್ದರೆ ಪುಟದಲ್ಲಿ ಬರೆದದ್ದನ್ನು ಗ್ರಾವ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗೆ ಮಾಡಿದರೆ ಅಷ್ಟೂರಿನ ಗುಂಬಜ್‌ಗಳ ಪುಟವು ಬೀದರ್ ತಾಲ್ಲೂಕಿನ ಪಟ್ಟಿಯಲ್ಲೂ ಬಹಮನಿಗಳ ಪಟ್ಟಿಯಲ್ಲೂ ತಾನಾಗಿ ಬರುತ್ತದೆ. ಮುಂದೆ ಯಾವುದಾದರೂ ಊರು ಬೇರೆ ತಾಲ್ಲೂಕಿಗೆ ಸೇರಿದರೆ ಆ ಒಂದು ಸಾಲನ್ನು ತಿದ್ದಿದರಾಯಿತು, ವಿಳಾಸಕ್ಕೆ ಧಕ್ಕೆಯಿಲ್ಲ.

ಈಗಾಗಲೇ ಮುರಿದ ಲಿಂಕ್‌ಗಳಿಗೂ ಪರಿಹಾರವಿದೆ. ಅದೇ ‘ಸೈಟ್’ ಕಡತದಲ್ಲಿ ರಿಡೈರೆಕ್ಟ್‌ಗಳ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೂಚನೆಗಳ ಪಟ್ಟಿ ಮಾಡಿ, ಪ್ರತಿ ಹಳೆಯ ವಿಳಾಸದ ಎದುರು ಹೊಸದನ್ನು ಬರೆದು, ಶಾಶ್ವತ ಬದಲಾವಣೆ ಎಂದು ಸೂಚಿಸುವ 301 ಸಂಕೇತವನ್ನು ಸೇರಿಸಿ. ಹೊಸ ವಿನ್ಯಾಸ ಪೂರ್ಣವಾಗಿ ನಿಂತ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ. ನಡುವೆ ಮತ್ತೆ ಮನಸ್ಸು ಬದಲಿಸಿದರೆ ಒಂದು ರಿಡೈರೆಕ್ಟ್ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತದೆ.

ಇನ್ನು ಚಿತ್ರಗಳು. ಗ್ರಾವ್‌ನಲ್ಲಿ ಪುಟದ ಫೋಲ್ಡರ್ ಇರುವುದೇ ಆ ಪುಟಕ್ಕೆ ಸೇರಿದ್ದೆಲ್ಲ ಒಟ್ಟಿಗಿರಲೆಂದು. ಬಿದ್ರಿ ತಯಾರಿಕೆಯ ಪುಟವನ್ನೇ ತೆಗೆದುಕೊಳ್ಳಿ: ಎರಕ, ಕೆತ್ತನೆ, ಬೆಳ್ಳಿ ಕೂರಿಸುವುದು, ಕೋಟೆಯ ಮಣ್ಣು ಹಚ್ಚಿ ಕಪ್ಪಾಗಿಸುವುದು ಎಂಬ ಹಂತಗಳ ಚಿತ್ರಗಳಿಗೆ 01, 02, 03, 04 ಎಂದು ಆರಂಭವಾಗುವ ಹೆಸರು ಕೊಟ್ಟು ಆ ಪುಟದ ಮಾರ್ಕ್‌ಡೌನ್ ಕಡತದ ಪಕ್ಕದಲ್ಲೇ ಇಡಿ. ಆಗ ಬರಹದಲ್ಲಿ ಚಿತ್ರದ ಹೆಸರನ್ನಷ್ಟೇ ಬರೆದರೆ ಸಾಕು, ದಾರಿ ಬರೆಯಬೇಕಾಗಿಲ್ಲ. ಪುಟವನ್ನು ಅಳಿಸಿದಾಗ ಚಿತ್ರಗಳೂ ಜೊತೆಗೇ ಹೋಗುತ್ತವೆ. ಲಾಂಛನದಂತಹ ಎಲ್ಲ ಪುಟಗಳಿಗೂ ಬೇಕಾದ ಒಂದೆರಡನ್ನು ಮಾತ್ರ ಬೇರೆ ಇಡಿ. ಹಾಗೆಯೇ ಒಂದು ಫೋಲ್ಡರ್‌ನಲ್ಲಿ ಎರಡು ಮೂರು ಪುಟಗಳ ಮಾರ್ಕ್‌ಡೌನ್ ಕಡತಗಳನ್ನು ತುಂಬುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಇಲ್ಲಿ ಆ ಕಡತದ ಹೆಸರು ಯಾವ ಟೆಂಪ್ಲೇಟ್ (ಪುಟದ ವಿನ್ಯಾಸದ ಅಚ್ಚು) ಬಳಸಬೇಕೆಂಬುದನ್ನು ಹೇಳುತ್ತದೆಯೇ ಹೊರತು ಪುಟದ ವಿಳಾಸವನ್ನಲ್ಲ.

ಪ್ರಶ್ನೆ: ಯಾದಗಿರಿಯ ಬೆಟ್ಟದ ಮೇಲಿನ ಕೋಟೆಯ ಪುಟಕ್ಕೆ ‘ಕೋಟೆ’ ಎಂದು ಕನ್ನಡದಲ್ಲೇ ಹೆಸರಿಟ್ಟ ಚಿತ್ರ ಸೇರಿಸಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಕಾಣುತ್ತದೆ, ಸರ್ವರಿಗೆ ಏರಿಸಿದರೆ ಕಾಣುವುದಿಲ್ಲ. ಚಿತ್ರ ಬಂದದ್ದು ಗೆಳೆಯರೊಬ್ಬರ ಹಳೆಯ ಮ್ಯಾಕ್ ಕಂಪ್ಯೂಟರಿನಿಂದ. ಕನ್ನಡದ ಹೆಸರು ಇಡಲೇಬಾರದೇ?

ಉತ್ತರ: ನೀವು ಕೊಟ್ಟ ಕೊನೆಯ ವಿವರದಲ್ಲೇ ಉತ್ತರ ಇರುವ ಸಾಧ್ಯತೆ ಹೆಚ್ಚು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆಯು ಹೆಸರನ್ನು ಬಿಡಿಸಿ ಇಡುತ್ತಿತ್ತು; ನೀವು ಕೀಲಿಮಣೆಯಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತದೆ. ಲಿನಕ್ಸ್ ಸರ್ವರ್ ಹೆಸರುಗಳನ್ನು ಬೈಟ್‌ಗೆ ಬೈಟ್ ಹೋಲಿಸುವುದರಿಂದ ಅದರ ಪಾಲಿಗೆ ಇವು ಎರಡು ಬೇರೆ ಬೇರೆ ಕಡತಗಳು. ಕಡತದ ಹೆಸರನ್ನು ಸರ್ವರಿನಲ್ಲೇ ಅಳಿಸಿ ಮತ್ತೆ ಟೈಪ್ ಮಾಡಿ ನೋಡಿ. ಚಿತ್ರ ಕಂಡರೆ ಕಾರಣ ಇದೇ ಎಂದು ಖಾತ್ರಿಯಾಗುತ್ತದೆ.

ಕನ್ನಡದ ಹೆಸರು ಇಡಬಾರದೆಂಬ ನಿಯಮವೇನೂ ಇಲ್ಲ, ಆದರೆ ಕಡತ ಮತ್ತು ಫೋಲ್ಡರ್‌ಗಳ ಮಟ್ಟಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಕನ್ನಡದ ಪ್ರತಿ ಸಂಕೇತವೂ 3 ಬೈಟ್‌ಗಳದ್ದು. ಲಿಂಕನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿದರೆ ‘ಕೋಟೆ’ ಎಂಬ ಎರಡಕ್ಷರದ ಪದವೇ 36 ಚಿಹ್ನೆಗಳಷ್ಟು ಉದ್ದವಾಗುತ್ತದೆ, ಓದಲು ಯಾರಿಗೂ ಬರುವುದಿಲ್ಲ. ಇಂಗ್ಲಿಷಿನ ಸಣ್ಣಕ್ಷರ, ಅಂಕಿ ಮತ್ತು ಅಡ್ಡಗೆರೆ ಇವಿಷ್ಟನ್ನೇ ಬಳಸಿ, ಖಾಲಿ ಜಾಗ ಬಿಡಬೇಡಿ. ಸಣ್ಣಕ್ಷರ ಎಂದು ಒತ್ತಿ ಹೇಳಲು ಕಾರಣವಿದೆ: ವಿಂಡೋಸ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಎಣಿಸುವುದಿಲ್ಲ. ಪುಟದ ಶೀರ್ಷಿಕೆಯನ್ನು ಫ್ರಂಟ್‌ಮ್ಯಾಟರ್‌ನಲ್ಲಿ ಅಚ್ಚ ಕನ್ನಡದಲ್ಲಿ ಬರೆಯಿರಿ, ಓದುಗರು ನೋಡುವುದು ಅದನ್ನೇ. ಶೀರ್ಷಿಕೆಯಲ್ಲಿ ವಿವರಣಾ ಚಿಹ್ನೆ, ಅಂದರೆ ಎರಡು ಚುಕ್ಕೆ ಬಂದರೆ ಇಡೀ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಯಾಮಲ್ ತಪ್ಪು ಎಂದು ಪುಟವೇ ನಿಲ್ಲುತ್ತದೆ.

ಪ್ರಶ್ನೆ: ಅರ್ಧ ಬರೆದ ಪುಟವನ್ನು ಮೆನುವಿನಲ್ಲಿ ಕಾಣದಂತೆ ಮಾಡಲು ಫೋಲ್ಡರ್ ಹೆಸರಿನ ಮುಂದಿನ ಅಂಕಿಯನ್ನು ತೆಗೆದರೆ ಸಾಕೇ? (ಕಲಬುರಗಿಯಿಂದ)

ಉತ್ತರ: ಮೆನುವಿನಿಂದ ಮರೆಯಾಗಲು ಸಾಕು, ಆದರೆ ವಿಳಾಸ ಗೊತ್ತಿದ್ದವರಿಗೆ ಪುಟ ತೆರೆಯುತ್ತದೆ. ಅಂಕಿ ಮೆನುವಿನ ಕ್ರಮಕ್ಕಾಗಿ ಮಾತ್ರ ಇರುವುದು, ವಿಳಾಸದಲ್ಲಿ ಅದು ಸೇರುವುದಿಲ್ಲ. ಪೂರ್ಣವಾಗಿ ತಡೆಹಿಡಿಯಬೇಕಾದರೆ ಫ್ರಂಟ್‌ಮ್ಯಾಟರ್‌ನಲ್ಲಿ ‘ಪಬ್ಲಿಷ್ಡ್’ ಎಂಬುದರ ಎದುರು ‘ಫಾಲ್ಸ್’ ಎಂದು ಬರೆಯಿರಿ. ಹಾಗೆ ಮಾಡಿದರೂ ಆ ಫೋಲ್ಡರ್‌ನಲ್ಲಿರುವ ಚಿತ್ರಗಳು ನೇರ ದಾರಿ ತಿಳಿದವರಿಗೆ ಸಿಗಬಹುದು. ಹೊರಗೆ ಹೋಗಬಾರದ ಚಿತ್ರವಿದ್ದರೆ ಪ್ರಕಟಣೆಯ ದಿನದವರೆಗೆ ಅದನ್ನು ಸರ್ವರಿಗೆ ಏರಿಸಬೇಡಿ.